ಒಂದೂಕಾಲು ಸುತ್ತಿನ ನಲ್ಲಿ

ಹೋದ ಭಾನುವಾರ ಅಡುಗೆಮನೆಯ ನಲ್ಲಿಯನ್ನು ನಾನೇ ಬಿಚ್ಚಿದೆ. ಹದಿನೈದು ದಿನದಿಂದ ಅದರ ಕತ್ತಿನ ಬಳಿ ನೀರು ಜಿನುಗುತ್ತಿತ್ತು. ಪ್ಲಂಬರನಿಗೆ ಫೋನ್ ಮಾಡಿದರೆ ನಾಳೆ ಬರುತ್ತೇನೆ ಎನ್ನುತ್ತಿದ್ದ; ಅವನ ನಾಳೆ ಯಾವ ವಾರಕ್ಕೆ ಬೀಳುತ್ತದೆಂದು ಹರಪನಹಳ್ಳಿಯಲ್ಲಿ ಯಾರಿಗೂ ಗೊತ್ತಿಲ್ಲ. ಕೊನೆಗೆ ಮೇಲಿನ ಟ್ಯಾಂಕಿನ ವಾಲ್ವ್ ಬಂದ್ ಮಾಡಿ, ಪಾನಾ ಹಿಡಿದು ಸಿಂಕಿನ ಮುಂದೆ ನಿಂತೆ. ನಾಲ್ಕು ಸಲ ಜಗ್ಗಿದ ಮೇಲೆ ನಲ್ಲಿ ಕಿರ್ರೆಂದು ಸಡಿಲವಾಯಿತು. ಗೋಡೆಯಿಂದ ಈಚೆಗೆ ತೆಗೆದಾಗ ಅದರ ಥ್ರೆಡ್ಡಿಗೆ ಸುತ್ತಿದ್ದ ನೂಲು ಎಳೆಎಳೆಯಾಗಿ ಬಿಚ್ಚಿಕೊಂಡು ಬಂತು. ಜೊತೆಗೆ ಒಂದು ವಾಸನೆಯೂ ಬಂತು... ಅಗಸೆ ಎಣ್ಣೆಯಲ್ಲಿ ಕಲಸಿದ, ಸಫೇದಾ ಎಂಬ ಬಿಳಿ ಪುಡಿಯ ವಾಸನೆ.

ಈಗಿನವರು ನಲ್ಲಿ ಕೂಡಿಸುವಾಗ ಬಿಳಿ ಟೇಪು ಸುತ್ತುತ್ತಾರೆ. ಅದಕ್ಕೆ ಯಾವ ವಾಸನೆಯೂ ಇಲ್ಲ. ನೀರು ಸೋರದಿರಲಿ ಎಂದು ನೂಲಿಗೆ ಸಫೇದಾ ಮೆತ್ತಿ ಸುತ್ತುವವರು ನನಗೆ ಗೊತ್ತಿದ್ದಂತೆ ಒಬ್ಬರೇ ಇದ್ದರು, ಕೊಟ್ಟೂರಿನ ನಲ್ಲಿ ಚಾಚಾ. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಹಳೆ ನಲ್ಲಿಗಳ ಬಿಡಿಭಾಗ ಮಾರುವ, ರಿಪೇರಿ ಮಾಡುವ ಅವರದೊಂದು ಸಣ್ಣ ಅಂಗಡಿ. ಊರೆಲ್ಲ ಅವರನ್ನು ಹಾಗೇ ಕರೆಯುತ್ತಿತ್ತು, ನಾನೂ ಹಾಗೇ ಕರೆದೆ. ಆ ನೂಲನ್ನು ಮೂಗಿಗೆ ಹಿಡಿದು ಎಷ್ಟು ಹೊತ್ತು ನಿಂತಿದ್ದೆನೋ, ಗಂಡ ಒಳಗೆ ಬಂದು ಏನಾಯಿತು ಎಂದು ಕೇಳಿದಾಗಲೇ ಎಚ್ಚರ.

ನನ್ನ ಸ್ವಭಾವವನ್ನು ಮೊದಲೇ ಹೇಳಿಬಿಡುತ್ತೇನೆ. ಯಾವುದೇ ವಸ್ತು ಕಂಡರೂ ಅದರ ಒಳಗೇನಿದೆ ಎಂದು ನೋಡದೆ ನನಗೆ ಸಮಾಧಾನವಿಲ್ಲ. ಮದುವೆಯಾಗಿ ಬಂದ ಮೊದಲ ತಿಂಗಳಲ್ಲೇ ಈ ಮನೆಯ ಗೋಡೆ ಗಡಿಯಾರವನ್ನು ಬಿಚ್ಚಿ, ಮತ್ತೆ ಕೂಡಿಸಲಾಗದೆ ಮಂಚದ ಕೆಳಗೆ ಬಚ್ಚಿಟ್ಟವಳು ನಾನು. ಮನುಷ್ಯರ ವಿಷಯದಲ್ಲೂ ಅಷ್ಟೇ. ಯಾರ ಮನೆಯಲ್ಲಿ ಏನಾಯಿತು, ಯಾಕಾಯಿತು ಎಂದು ತಿಳಿಯುವ ತನಕ ಊಟ ಸೇರುವುದಿಲ್ಲ. ತಿಳಿದ ಮೇಲೆ ನಾಲ್ಕು ಜನರ ಕಿವಿಗೆ ಹಾಕುವ ತನಕ ನಿದ್ದೆ ಬರುವುದಿಲ್ಲ. ತೆಲಿಗಿಯ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವ ಟೀಚರಾದ್ದರಿಂದ ಜನ ಇದನ್ನು ಕುತೂಹಲ ಎಂದು ಕರೆದು ಸುಮ್ಮನಾಗುತ್ತಾರೆ. ನನ್ನ ಅತ್ತೆ ಮಾತ್ರ ನೇರವಾಗಿ, ಮೂಗು ತೂರಿಸುವ ಬುದ್ಧಿ ಎನ್ನುತ್ತಿದ್ದರು.

ನಾನು ಹೇಳುತ್ತಿರುವುದು ಹತ್ತು ವರ್ಷದ ಹಿಂದಿನ ಮಾತು. ಆಗ ಅತ್ತೆಗೆ ಎರಡೂ ಕಣ್ಣು ಪೂರ್ತಿ ಹೋಗಿ ಮೂರು ವರ್ಷವಾಗಿತ್ತು. ಕಣ್ಣಿನೊಳಗಿನ ಒತ್ತಡ ಹೆಚ್ಚಿ ನರ ಸೊರಗಿದೆ, ಹೋದ ದೃಷ್ಟಿ ತಿರುಗಿ ಬರುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಆದರೂ ಅಡುಗೆಮನೆಯನ್ನು ಅತ್ತೆ ಬಿಟ್ಟುಕೊಟ್ಟಿರಲಿಲ್ಲ. ನಾನು ಬೆಳಗಿನ ಬಸ್ಸಿಗೆ ಓಡುವಷ್ಟರಲ್ಲಿ ನನ್ನ ಬುತ್ತಿ ಬಾಗಿಲ ಪಕ್ಕದ ಮಾಡದಲ್ಲಿ ಕೂತಿರುತ್ತಿತ್ತು. ರೊಟ್ಟಿ ಬೆಂದದ್ದು ಅವರಿಗೆ ವಾಸನೆಯಲ್ಲಿ ಗೊತ್ತಾಗುತ್ತಿತ್ತು, ಎಣ್ಣೆ ಕಾದದ್ದು ಸದ್ದಿನಲ್ಲಿ. ನೀರಿನದು ಮಾತ್ರ ಸುತ್ತಿನ ಲೆಕ್ಕ. ಸಿಂಕಿನ ಮೇಲೆ ಮಾವನವರ ಕಾಲದ ಹಿತ್ತಾಳೆ ನಲ್ಲಿ ಇತ್ತು, ನಾಲ್ಕು ಕಿವಿಯ ಹಿಡಿಯದು. ಕೈ ತೊಳೆಯಲು ಅರ್ಧ ಸುತ್ತು, ಅಕ್ಕಿ ತೊಳೆಯಲು ಮುಕ್ಕಾಲು. ರೊಟ್ಟಿಯ ಎಸರಿಗಾದರೆ ಒಂದೂಕಾಲು ಸುತ್ತು ತಿರುವಿ, ಬಾಯಲ್ಲಿ ಎಂಟರ ತನಕ ಎಣಿಸಿ ಬಂದ್ ಮಾಡುತ್ತಿದ್ದರು. ಪಾತ್ರೆಯಲ್ಲಿ ನೀರು ಬೇಕಾದಷ್ಟೇ ಇರುತ್ತಿತ್ತು. ನಾನು ಎಷ್ಟೋ ಸಲ ಲೋಟದಲ್ಲಿ ಅಳೆದು ನೋಡಿದ್ದೇನೆ, ಒಂದು ಗುಟುಕು ಆಚೆ ಈಚೆ ಆದದ್ದಿಲ್ಲ.

ಆ ನಲ್ಲಿ ಕೆಟ್ಟಿತು. ನಮ್ಮ ಬೋರಿನ ಸವಳು ನೀರು ಎಂಥ ಹಿತ್ತಾಳೆಯನ್ನೂ ತಿಂದುಹಾಕುತ್ತದೆ. ನಲ್ಲಿಯ ಒಳಗೆ ಸ್ಪಿಂಡಲ್ ಎಂದು ಒಂದು ತಿರುಪಿನ ಕಡ್ಡಿ ಇರುತ್ತದೆ. ಹಿಡಿಯ ಜೊತೆಗೇ ತಿರುಗುತ್ತ ಮೇಲೆದ್ದು ನೀರು ಬಿಡುತ್ತದೆ, ಕೆಳಗಿಳಿದು ಮುಚ್ಚುತ್ತದೆ. ಅದರ ಹಲ್ಲುಗಳು ಸವೆದು, ಎಷ್ಟು ತಿರುವಿದರೂ ಹಿಡಿ ಸುಮ್ಮನೆ ಗರಗರ ಸುತ್ತತೊಡಗಿತು. ನನ್ನ ಗಂಡ ಅದೇ ಸಂಜೆ ಪೇಟೆಯಿಂದ ಹೊಳೆಯುವ ಹೊಸ ನಲ್ಲಿ ತಂದು ಹಾಕಿಸಿದರು. ಉದ್ದನೆಯ ಹಿಡಿ, ಒಂದು ಬೆರಳಿನಿಂದ ಸರಿಸಿದರೆ ಸಾಕು. ಅಮ್ಮನಿಗೆ ಇದೇ ಸಲೀಸು ಎಂದು ಅವರ ಎಣಿಕೆ. ಮರುದಿನ ಬೆಳಿಗ್ಗೆ ಅತ್ತೆ ಅದನ್ನು ಸರಿಸಿದ್ದೇ ತಡ, ನೀರು ಭರ್ರನೆ ನುಗ್ಗಿ ಪಕ್ಕದ ಪರಾತದಲ್ಲಿದ್ದ ಜೋಳದ ಹಿಟ್ಟೆಲ್ಲ ಗಂಜಿಯಾಯಿತು. ಎರಡನೇ ದಿನ ಸಾರು ಚಪ್ಪೆಯಾಯಿತು. ಮೂರನೇ ದಿನ ಚೆಲ್ಲಿದ ನೀರಿನಲ್ಲಿ ಕಾಲು ಜಾರಿ ಬಿದ್ದು ಮೊಣಕೈ ತರಚಿಕೊಂಡರು. ನಾಲ್ಕನೇ ದಿನ ಅವರು ಅಡುಗೆಮನೆಗೆ ಬರಲೇ ಇಲ್ಲ, ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ನಾನು ಹತ್ತಿರ ಹೋದಾಗ ಮುಖ ಎತ್ತದೆ ಹೇಳಿದರು.

“ಇನ್ಮ್ಯಾಲೆ ನೀನಾ ಮಾಡವ್ವ. ನಂದು ಆತು.”

ಆ ಮಾತು ನನ್ನ ಎದೆಗೆ ನಾಟಿತು. ಅಡುಗೆಮನೆಯೊಂದು ಇದ್ದುದರಿಂದಲೇ ಅವರಿಗೆ ಬೆಳಗು, ಮಧ್ಯಾಹ್ನ, ಸಂಜೆ ಅಂತ ಇದ್ದವು. ಅದೂ ಹೋದರೆ ಇಡೀ ದಿನ ಒಂದೇ ಕತ್ತಲೆ. ಗಂಡ ಮಾತ್ರ, ಈ ವಯಸ್ಸಿನಲ್ಲಿ ಆರಾಮವಾಗಿ ಕೂರಲಿ ಬಿಡು ಎಂದರು. ಅವರದು ತಪ್ಪು ಎನ್ನಲಾರೆ, ತಾಯಿ ಬಿದ್ದದ್ದು ನೋಡಿ ಹೆದರಿದ್ದರು. ನಾನು ಮಾತ್ರ ಪಟ್ಟು ಹಿಡಿದೆ. ಹಳೆ ನಲ್ಲಿಯನ್ನೇ ರಿಪೇರಿ ಮಾಡಿಸಿ ಅದೇ ಜಾಗದಲ್ಲಿ ಕೂಡಿಸಬೇಕು, ಅತ್ತೆಯನ್ನು ಮತ್ತೆ ಒಲೆಯ ಮುಂದೆ ನಿಲ್ಲಿಸಬೇಕು.

ಸವೆದ ಸ್ಪಿಂಡಲನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಎರಡು ವಾರ ಅಲೆದೆ. ಹರಪನಹಳ್ಳಿಯ ಅಂಗಡಿಗಳವರು ಅದನ್ನು ಕೈಗೂ ತೆಗೆದುಕೊಳ್ಳಲಿಲ್ಲ, ದೂರದಿಂದಲೇ ನೋಡಿ ಹೊಸ ನಲ್ಲಿಯ ಪೆಟ್ಟಿಗೆ ಮುಂದಿಟ್ಟರು. ಹಡಗಲಿಯಲ್ಲಿ ನನ್ನ ನಾದಿನಿಯ ಮನೆಗೆ ಹೋದಾಗ ಅಲ್ಲಿನ ಪೇಟೆಯನ್ನೂ ಜಾಲಾಡಿದೆ. ಹಗರಿಬೊಮ್ಮನಹಳ್ಳಿಯಲ್ಲಿ ಒಬ್ಬರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಇಂಥದ್ದು ಈಗ ಎಲ್ಲೂ ಬರುವುದಿಲ್ಲ, ಕೊಟ್ಟೂರಿನ ನಲ್ಲಿ ಚಾಚಾನ ಹತ್ತಿರ ಇಲ್ಲದಿದ್ದರೆ ಆಸೆ ಬಿಟ್ಟುಬಿಡಿ ಎಂದರು. ಆ ಹೆಸರು ಕೇಳಿದ್ದು ಅದೇ ಮೊದಲು.

ಅಂಗಡಿ ಎಂದರೆ ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲದ ಒಂದು ಖೋಲಿ. ಮೂರು ಗೋಡೆಗೂ ಹಲಗೆ, ಹಲಗೆಗಳ ತುಂಬ ಹಾಲಿನ ಪುಡಿಯ, ಬಿಸ್ಕತ್ತಿನ ಹಳೆ ಡಬ್ಬಿಗಳು. ನಡುವೆ ಬಿಳಿ ಗಡ್ಡದ, ತೆಳ್ಳನೆಯ ಚಾಚಾ. ನನ್ನ ಮುಂದಿದ್ದವರು ಒಂದು ವಾಷರ್ ಕೇಳಿದರು. ಚಾಚಾ ಹಳೆಯದನ್ನು ತಂದಿದ್ದೀರಾ ಎಂದರು. ತಂದಿಲ್ಲ ಎಂದಾಗ ಕೊಡಲಿಲ್ಲ, ಹೋಗಿ ತರಲು ಹೇಳಿದರು. ಹಳೆಯ ಭಾಗ ಮುಂದಿಡದೆ ಹೊಸದನ್ನು ಮಾರುವ ಪದ್ಧತಿಯೇ ಆ ಅಂಗಡಿಯಲ್ಲಿ ಇರಲಿಲ್ಲ. ಬಂದವರು ಗೊಣಗುತ್ತ ಹೋದ ಮೇಲೆ ಚಾಚಾ, ತಪ್ಪು ಸಾಮಾನು ಒಯ್ದು ನಾಳೆ ನನ್ನನ್ನೇ ಬೈಯುತ್ತಾರಲ್ಲ ಎಂದು ನನ್ನ ಕಡೆ ನೋಡಿ ನಕ್ಕರು.

ನಾನು ಕರವಸ್ತ್ರ ಬಿಚ್ಚಿದೆ. ಅವರು ಸ್ಪಿಂಡಲನ್ನು ಕಣ್ಣಿಗೆ ಹಿಡಿಯಲಿಲ್ಲ. ಅಂಗೈಯಲ್ಲಿಟ್ಟುಕೊಂಡು ಹೆಬ್ಬೆರಳಿನ ಉಗುರನ್ನು ಅದರ ಹಲ್ಲುಗಳ ಮೇಲೆ ಕೆಳಗಿನಿಂದ ಮೇಲಕ್ಕೆ ಎಳೆದರು, ಇನ್ನೊಮ್ಮೆ ಎಳೆದರು. ಆಮೇಲೆ ಪ್ರಶ್ನೆಗಳು ಶುರುವಾದವು. ನೀರು ಸಿಹಿಯೋ ಸವಳೋ, ಟ್ಯಾಂಕು ಎಷ್ಟು ಎತ್ತರ, ನಲ್ಲಿ ಎಡಗಡೆಯೋ ಬಲಗಡೆಯೋ. ಪ್ರಶ್ನೆ ಕೇಳುವುದರಲ್ಲಿ ನನ್ನನ್ನು ಮೀರಿಸಿದವರು ಸಿಕ್ಕರಲ್ಲ ಎಂದು ನನಗೆ ಖುಷಿಯೇ ಆಯಿತು. ಕೊನೆಗೆ ಕೇಳಿದರು.

“ಈ ನಲ್ಲಿ ದಿನಾ ತಿರುವೋರು ಯಾರ್ರಿ?”

ನಾನು ಅತ್ತೆಯ ವಿಷಯ ಹೇಳಿದೆ. ಸುತ್ತಿನ ಲೆಕ್ಕ, ಎಂಟರ ಎಣಿಕೆ, ಹೊಸ ನಲ್ಲಿಯ ರಾದ್ಧಾಂತ ಎಲ್ಲ. ಅವರು ಸ್ಪಿಂಡಲನ್ನು ಮುಷ್ಟಿಯಲ್ಲಿ ಹಿಡಿದು ಕೇಳುತ್ತಿದ್ದರು. ಪೂರ್ತಿ ಕಾಣುವುದಿಲ್ಲವೇ ಎಂದು ಒಮ್ಮೆ ಕೇಳಿದರು. ಬೆಳಕು ಕತ್ತಲೆಯಾದರೂ ತಿಳಿಯುತ್ತದೆಯೇ ಎಂದು ಇನ್ನೊಮ್ಮೆ ಕೇಳಿದರು. ಇಲ್ಲ ಎಂದೆ. ಒಂದು ಡಬ್ಬಿಯಿಂದ ನಮ್ಮ ನಲ್ಲಿಗೆ ಕೂರುವಂಥದ್ದೇ ಇನ್ನೊಂದು ಸ್ಪಿಂಡಲನ್ನು ಅದರ ಕವಚದ ಸಮೇತ ತೆಗೆದು ನನ್ನ ಮುಂದಿಟ್ಟರು. ನಾನು ಹಿಗ್ಗಿ ಕೈ ಚಾಚಿದೆ. ಅವರು ಕೊಡಲಿಲ್ಲ.

ಯಾಕೆ ಎಂಬುದನ್ನು ಅವರು ನನಗೆ ಎರಡೂ ಸ್ಪಿಂಡಲುಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದರು. ಹೊಸದರ ಹಲ್ಲುಗಳು ದೂರ ದೂರ, ನಮ್ಮದರವು ಒತ್ತೊತ್ತು. ಹಲ್ಲು ದೂರವಿದ್ದರೆ ಒಂದೇ ಸುತ್ತಿಗೆ ಕಡ್ಡಿ ಹೆಚ್ಚು ಮೇಲೇಳುತ್ತದೆ, ನೀರು ಹೆಚ್ಚು ಬರುತ್ತದೆ. ಅತ್ತೆಯ ಒಂದೂಕಾಲು ಸುತ್ತಿನ ನೀರು ಇದರಲ್ಲಿ ಮುಕ್ಕಾಲಕ್ಕೇ ಬಂದುಬಿಡುತ್ತದೆ. ಸ್ಕ್ರೂ ಒಂದು ಸರಳ ಯಂತ್ರ ಎಂದು ವರ್ಷ ವರ್ಷ ಬೋರ್ಡಿನ ಮೇಲೆ ಬರೆದು ಪಾಠ ಮಾಡಿದ ನನಗೆ ಇದು ಹೊಳೆದಿರಲಿಲ್ಲ. ಬೇರೆಯವರಾದರೆ ಒಂದು ವಾರದಲ್ಲಿ ಕೈ ರೂಢಿ ಮಾಡಿಕೊಳ್ಳುತ್ತಾರೆ, ಅವರಿಗೆ ಮತ್ತೆ ಮೊದಲಿನಿಂದ ಲೆಕ್ಕ ಕಲಿ ಎನ್ನುವುದು ಬೇಡ ಎಂದರು ಚಾಚಾ. ಸವೆದ ಹಲ್ಲಿನ ಮೇಲೆ ಹಿತ್ತಾಳೆ ಕರಗಿಸಿ ತುಂಬಿಸಿ, ಲೇಥಿನಲ್ಲಿ ಅದೇ ಅಳತೆಗೆ ಹೊಸ ಹಲ್ಲು ಕೊರೆಸುತ್ತೇನೆ, ಇಡೀ ನಲ್ಲಿಯನ್ನು ತಂದುಕೊಡಿ ಎಂದರು. ಮರುದಿನವೇ ಒಯ್ದು ಕೊಟ್ಟೆ.

ಎಂಟು ದಿನದ ಮೇಲೆ ನಲ್ಲಿ ನನ್ನ ಕೈಗೆ ಬಂದಾಗ ಗುರುತೇ ಸಿಗಲಿಲ್ಲ. ಮೂವತ್ತು ವರ್ಷದ ಕಿಟ್ಟವೆಲ್ಲ ಹೋಗಿ ಹಬ್ಬದ ಕೊಡದ ಹಾಗೆ ಹೊಳೆಯುತ್ತಿತ್ತು. ಹಿಡಿಯನ್ನಂತೂ ಎಲ್ಲೂ ಒರಟಿಲ್ಲದಂತೆ ಉಜ್ಜಿದ್ದರು. ಕೆಟ್ಟದ್ದನ್ನು ತಂದವರಿಗೆ ಮೊದಲಿಗಿಂತ ಚೆಂದ ಮಾಡಿ ಕೊಡಬೇಕು ಎಂಬುದು ಅವರ ಹಟ. ಗಂಡನೇ ಅದನ್ನು ಗೋಡೆಗೆ ಕೂಡಿಸಿದರು. ನಾನು ಅತ್ತೆಯ ಕೈ ಹಿಡಿದು ಕರೆತಂದು ಸಿಂಕಿನ ಮುಂದೆ ನಿಲ್ಲಿಸಿದೆ. ಅವರು ಹಿಡಿಯ ಮೇಲೆ ಬೆರಳಿಟ್ಟರು. ಒಂದು ಕಿವಿಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಬೆರಳು ಹೋಯಿತು. ಮತ್ತೆ ಮೊದಲಿನಿಂದ ಹುಡುಕಿದರು.

“ಇದು ನಂದಲ್ಲವ್ವ,” ಅಂದರು.

ನಾನು ದಂಗಾದೆ. ಅದೇ ನಲ್ಲಿ, ಅದೇ ಹಿಡಿ ಎಂದು ಎಷ್ಟು ಹೇಳಿದರೂ ತಲೆ ಅಲ್ಲಾಡಿಸಿದರು. ಆಮೇಲೆ ನಿಧಾನವಾಗಿ ಬಾಯಿ ಬಿಟ್ಟರು. ಹಿಡಿಯ ಒಂದು ಕಿವಿಯ ಅಂಚಿನಲ್ಲಿ ಒಂದು ಸಣ್ಣ ಕಚ್ಚು ಇತ್ತಂತೆ. ಅದು ಗೋಡೆಯ ಕಡೆ ಇದ್ದರೆ ನಲ್ಲಿ ಬಂದ್, ಅಲ್ಲಿಂದಲೇ ಸುತ್ತಿನ ಎಣಿಕೆ ಶುರು. ಆ ಕಚ್ಚನ್ನು ಅವರೇ ಹಾಕಿಕೊಂಡದ್ದು, ಮಗನ ಗರಗಸದ ಬ್ಲೇಡ್ ತಂದು, ಮನೆಯಲ್ಲಿ ಯಾರೂ ಇಲ್ಲದಾಗ. ಯಾವಾಗ ಎಂದು ಕೇಳಿದೆ. ಕಣ್ಣು ಮಂಜಾಗುತ್ತಿದೆ ಎಂದು ಅವರು ನಮಗೆ ಹೇಳಿದ್ದಕ್ಕಿಂತ ಒಂದು ವರ್ಷ ಮೊದಲು! ಒಂದು ವರ್ಷ ಅವರು ಯಾರಿಗೂ ಹೇಳದೆ, ಕತ್ತಲೆ ಬರುವುದಕ್ಕೆ ಮೊದಲೇ ಅಡುಗೆಮನೆಯನ್ನು ಬೆರಳಿಗೆ ಕಲಿಸುತ್ತಿದ್ದರು. ಅದೇ ಮನೆಯಲ್ಲಿದ್ದ ನನಗೆ, ಎಲ್ಲದಕ್ಕೂ ಮೂಗು ತೂರಿಸುವ ನನಗೆ, ಗೊತ್ತೇ ಆಗಿರಲಿಲ್ಲ...

ಚಾಚಾಗೆ ಫೋನ್ ಮಾಡಿದೆ. ಕಚ್ಚಿನ ವಿಷಯ ಹೇಳಿದೆ. ಬೆರಳಿಗೆ ಏನೋ ಚುಚ್ಚಿತು, ಏಟು ಬಿದ್ದು ಕೆಟ್ಟಿರಬೇಕೆಂದು ಅರದಿಂದ ಉಜ್ಜಿ ನುಣ್ಣಗೆ ಮಾಡಿದೆ ಎಂದರು. ಕಚ್ಚು ತಾನೇ, ಇಲ್ಲೇ ಯಾರಿಂದಲಾದರೂ ಹಾಕಿಸುತ್ತೇನೆ ಎಂದೆ. ಅವರು ಒಪ್ಪಲಿಲ್ಲ.

“ನಾ ತೆಗೆದದ್ದು ನಾನಾ ಹಾಕಬೇಕ್ರಿ. ಎಲ್ಲಿ ಹಾಕಬೇಕು ಅಂಬೋದು ಅವರ ಕೈ ಹೇಳಬೇಕು.”

ಭಾನುವಾರ ಬೆಳಗಿನ ಬಸ್ಸಿಗೆ ಬಂದರು, ಹೆಗಲಿಗೆ ಒಂದು ಚೀಲ. ಅತ್ತೆಯನ್ನು ಅಕ್ಕಾರ ಎಂದು ಕರೆದು, ತಪ್ಪಾಯಿತು ಎಂದು ಮೊದಲೇ ಹೇಳಿಬಿಟ್ಟರು. ಅತ್ತೆ ನಕ್ಕರು, ಇಷ್ಟು ಚೆನ್ನಾಗಿ ತಪ್ಪು ಮಾಡುವವರು ಅಪರೂಪ ಎಂದರು. ಚಾಚಾ ನಲ್ಲಿ ಬಿಚ್ಚಿ, ಅದರ ಥ್ರೆಡ್ಡಿಗೆ ಗಂಡ ಸುತ್ತಿದ್ದ ಟೇಪನ್ನು ಕಿತ್ತು, ನೂಲಿಗೆ ಸಫೇದಾ ಹಚ್ಚಿ ನಲ್ಲಿಯನ್ನು ಮತ್ತೆ ಕೂಡಿಸಿದರು. ಆಮೇಲೆ ಅತ್ತೆಯ ಕೈಯನ್ನು ಹಿಡಿಯ ಮೇಲಿಡಿಸಿ, ಹೆಬ್ಬೆರಳು ಎಲ್ಲಿ ಬೀಳುತ್ತದೋ ಅಲ್ಲಿ ಮೂರು ಮೂಲೆಯ ಅರದಿಂದ ಒಂದು ಎಳೆತ ಎಳೆದರು. ಅತ್ತೆ ಮುಟ್ಟಿ ನೋಡಿ ಇನ್ನೊಂದೀಟು ಎಂದರು. ಇನ್ನೊಂದು ಎಳೆತ. ಇನ್ನೊಂದೀಟು. ಹೀಗೆ ಏಳೆಂಟು ಸಲ ಆದ ಮೇಲೆ ಅತ್ತೆಯ ಬೆರಳು ಅಲ್ಲೇ ನಿಂತಿತು. ಮುಖ ಅರಳಿದ್ದು ನನಗೂ ಕಂಡಿತು. ಒಂದೂಕಾಲು ಸುತ್ತು ತಿರುವಿದರು, ಎಂಟರ ತನಕ ಎಣಿಸಿದರು. ನಾನು ಲೋಟ ತಂದು ಅಳೆಯಲು ಹೋದೆ, ಚಾಚಾ ಬೇಡ ಎಂದು ಕೈ ಅಡ್ಡ ಹಿಡಿದರು.

ಕೆಲಸ ಮುಗಿಯಿತು, ಅವರು ಹೊರಡಲಿಲ್ಲ. ಅಡುಗೆಮನೆಯ ಹೊಸ್ತಿಲ ಪಕ್ಕ ನೆಲದ ಮೇಲೆ ಕೂತರು. ಅತ್ತೆ ಹಿಟ್ಟು ನಾದಲು ಶುರು ಮಾಡಿದರು, ಇವರು ಒಂದೊಂದೇ ಕೇಳತೊಡಗಿದರು. ಒಲೆ ಹತ್ತಿದ್ದು ಹೇಗೆ ತಿಳಿಯುತ್ತದೆ, ಉಪ್ಪಿನ ಡಬ್ಬಿ ಸಕ್ಕರೆಯ ಡಬ್ಬಿ ಬದಲಾದರೆ ಏನು ಮಾಡುತ್ತೀರಿ, ಬೆಳಗಾದದ್ದು ಯಾವುದರಿಂದ ಗೊತ್ತಾಗುತ್ತದೆ, ಮೊದಲ ದಿನಗಳಲ್ಲಿ ಹೆದರಿಕೆ ಆಗಲಿಲ್ಲವೇ. ಇವರು ನಲ್ಲಿ ರಿಪೇರಿಯವರೋ ಡಾಕ್ಟರೋ ಎಂದು ನನಗೆ ಸೋಜಿಗ. ನಾನೂ ಪಕ್ಕದಲ್ಲಿ ಕಿವಿ ನಿಮಿರಿಸಿ ನಿಂತಿದ್ದೆ. ಅತ್ತೆ ನನ್ನನ್ನು ಮೊಸರು ತರಲು ಕಳಿಸಿದರು. ಮನೆಯಲ್ಲಿ ಮೊಸರು ಇತ್ತು. ಇದೆ ಎಂದರೆ ಅದು ಹುಳಿ, ಬೇರೆ ತಾ ಎಂದರು.

ನಾನು ಓಡುತ್ತ ಹೋಗಿ ಓಡುತ್ತ ಬಂದೆ. ಒಳಗೆ ಕಾಲಿಡುವಷ್ಟರಲ್ಲಿ ಇಬ್ಬರ ಮಾತೂ ನಿಂತಿತು. ಚಾಚಾ ಕರವಸ್ತ್ರದಿಂದ ಮುಖ ಒರೆಸಿಕೊಳ್ಳುತ್ತಿದ್ದರು, ಒಲೆಯ ಸೆಕೆ ಎಂದುಕೊಂಡೆ. ಬಿಸಿ ರೊಟ್ಟಿ, ಪುಂಡಿಪಲ್ಯ ಉಂಡು, ಅತ್ತೆಗೆ ಕೈ ಮುಗಿದು ಹೊರಟರು. ಹೊಸ್ತಿಲು ದಾಟುವಾಗ ಒಮ್ಮೆ ತಡವರಿಸಿದರು. ಅವರು ಹೋದ ಮೇಲೆ ಏನು ಮಾತಾಡಿದಿರಿ ಎಂದು ಅತ್ತೆಯನ್ನು ಎಷ್ಟು ಕಾಡಿದೆನೋ... ನಲ್ಲಿಯ ಮಾತು ಎಂದಷ್ಟೇ ಹೇಳಿ ಅವರು ರೊಟ್ಟಿ ಬಡಿಯಲು ಹೊರಳಿದರು.

ಅಂದಿನಿಂದ ಆರು ವರ್ಷ ಅತ್ತೆ ಆ ಅಡುಗೆಮನೆಯನ್ನು ಆಳಿದರು. ನಲ್ಲಿ ಒಂದು ಹನಿ ಸೋರಲಿಲ್ಲ. ಹೋಗುವ ಹಿಂದಿನ ದಿನವೂ ನನಗೆ ಬುತ್ತಿ ಕಟ್ಟಿದ್ದರು. ನಾಲ್ಕು ವರ್ಷದ ಹಿಂದೆ ಒಂದು ಬೆಳಿಗ್ಗೆ ಏಳಲಿಲ್ಲ, ಅಷ್ಟೇ. ಇಷ್ಟು ವರ್ಷಗಳಲ್ಲಿ ನಾನು ಕೊಟ್ಟೂರಿನ ಮೇಲೆ ಎಷ್ಟೋ ಸಲ ಹಾದುಹೋದೆ, ಚಾಚಾನ ಅಂಗಡಿಗೆ ಹೋಗಲಿಲ್ಲ. ನಲ್ಲಿ ಕೆಟ್ಟಿದ್ದರೆ ಹೋಗುತ್ತಿದ್ದೆನೇನೋ. ಅವರು ಅಷ್ಟು ಗಟ್ಟಿಯಾಗಿ ಮಾಡಿ ಕೊಟ್ಟಿದ್ದರು.

ಈಗ ಬಿಚ್ಚಿ ನೋಡಿದರೆ ಅವರು ಕೊರೆಸಿದ ಹಲ್ಲುಗಳು ಹಾಗೇ ಇದ್ದವು. ವಾಷರೂ, ಕತ್ತಿನೊಳಗೆ ಸುತ್ತಿದ್ದ ನೂಲೂ ಮಾತ್ರ ಹರಿದಿದ್ದವು. ಹಳೆಯ ಭಾಗಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಮರುದಿನ ಶಾಲೆಗೆ ರಜೆ ಹಾಕಿ ಕೊಟ್ಟೂರಿನ ಬಸ್ಸು ಹತ್ತಿದೆ. ಅಂಗಡಿಯ ಬಾಗಿಲಿಗೆ ಬೀಗ, ಬೀಗಕ್ಕೆ ತುಕ್ಕು. ಎದುರಿನ ಟೈಲರನ್ನು ಕೇಳಿದೆ. ಚಾಚಾ ಹೋಗಿ ಎರಡು ವರ್ಷವಾಯಿತು, ಮನೆಯವರು ಹಿಂದೆಯೇ ಇದ್ದಾರೆ ಎಂದರು. ಕರವಸ್ತ್ರದ ಗಂಟು ಹಿಡಿದುಕೊಂಡೇ ಹಿಂದಕ್ಕೆ ಹೋದೆ.

ಹಿಂದಿನ ಮನೆಯಲ್ಲಿ ಅವರ ಹೆಂಡತಿ, ಚಾಚಿ, ಅಂಗಳದಲ್ಲಿ ಸೊಪ್ಪು ಬಿಡಿಸುತ್ತ ಕೂತಿದ್ದರು. ಹರಪನಹಳ್ಳಿಯಿಂದ ಬಂದೆ, ನಲ್ಲಿಯ ವಾಷರ್ ಬೇಕಿತ್ತು ಎಂದೆ. ಅವರು ನನ್ನ ಮುಖವನ್ನೇ ನೋಡಿದರು.

“ನೀವು ಹರಪನಹಳ್ಳಿ ಅಕ್ಕಾರ ಸೊಸಿ, ಟೀಚರ್ ಏನ್ರಿ?”

ನಾನು ಅವರನ್ನು ಎಂದೂ ಕಂಡವಳಲ್ಲ. ಅವರಿಗೆ ನನ್ನ ಶಾಲೆ ಗೊತ್ತಿತ್ತು, ನಾನು ಗಡಿಯಾರ ಬಿಚ್ಚಿದ್ದೂ ಗೊತ್ತಿತ್ತು. ಚಾಪೆ ಹಾಸಿ ಕೂರಿಸಿ, ಎದ್ದು ಹೋಗಿ ಅಂಗಡಿಯ ಬೀಗ ತೆಗೆದು, ನಾನು ತಂದ ಹಳೆಯದನ್ನು ಹಿಡಿದು ಹುಡುಕಿ ವಾಷರ್ ತಂದುಕೊಟ್ಟರು. ಆಮೇಲೆ ಹೇಳಿದರು. ನಾನು ಮೊದಲ ಸಲ ಸ್ಪಿಂಡಲ್ ಹಿಡಿದು ಬಂದೆನಲ್ಲ, ಅದಕ್ಕೆ ಒಂದು ತಿಂಗಳು ಮೊದಲು ಕಣ್ಣಿನ ಆಸ್ಪತ್ರೆಯವರು ಚಾಚಾಗೆ ಹೇಳಿದ್ದರಂತೆ, ನಿಮ್ಮ ಕಣ್ಣು ಉಳಿಯುವುದಿಲ್ಲ, ನಾಲ್ಕೈದು ವರ್ಷ ಅಷ್ಟೇ ಎಂದು. ಆಗಲೇ ಸುತ್ತಲಿನದೆಲ್ಲ ಮಸುಕು, ಎದುರಿನದು ಮಾತ್ರ ಕಾಣುತ್ತಿತ್ತು. ಡಬ್ಬಿಗಳ ಸಮೇತ ಅಂಗಡಿಯನ್ನು ಕೂಡ್ಲಿಗಿಯ ವ್ಯಾಪಾರಿಗೆ ಕೊಟ್ಟುಬಿಡಲು ಮಾತಾಗಿತ್ತು. ಹೆಂಡತಿಯೊಬ್ಬರನ್ನು ಬಿಟ್ಟರೆ ಯಾರಿಗೂ ಹೇಳಿರಲಿಲ್ಲ.

“ನಿಮ್ಮ ಮನ್ಯಾಗಿಂದ ಬಂದು ಇಲ್ಲೇ ಕುಂತು, ಅಂಗಡಿ ಕೊಡಂಗಿಲ್ಲ ಅಂದ್ರು,” ಎಂದರು ಚಾಚಿ. “ಅಕ್ಕ ನನಗ ಕಲಿಸತಾಳ ಅಂದ್ರು.”

ಅತ್ತೆಯ ಹತ್ತಿರ ಗುಂಡಿಗಳಿದ್ದ ಒಂದು ಸಣ್ಣ ಫೋನ್ ಇತ್ತು, ಹಡಗಲಿಯ ಮಗಳ ಜೊತೆ ಮಾತಾಡಲಿ ಎಂದು ಕೊಡಿಸಿದ್ದು. ಪ್ರತಿ ಸೋಮವಾರ ಮಧ್ಯಾಹ್ನ ಅದರಿಂದ ಕೊಟ್ಟೂರಿಗೆ ಫೋನ್ ಹೋಗುತ್ತಿತ್ತಂತೆ. ಡಬ್ಬಿಗಳನ್ನು ಯಾವ ಕ್ರಮದಲ್ಲಿ ಇಡಬೇಕು, ಬಿಸಿ ಚಹಾವನ್ನು ಕೈ ಸುಡದೆ ಹೇಗೆ ಬಗ್ಗಿಸಬೇಕು, ಅಂಗಡಿಯಿಂದ ಮಸೀದಿಗೆ ಹೆಜ್ಜೆ ಹೇಗೆ ಎಣಿಸಬೇಕು. ಮೊದಲು ಕಣ್ಣು ಮುಚ್ಚಿ ಮಾಡಿ ರೂಢಿ ಮಾಡಿಕೊ, ಕಾಣುತ್ತಿರುವಾಗಲೇ ಕಲಿತುಬಿಡು ಎನ್ನುತ್ತಿದ್ದರಂತೆ. ಕೊನೆಯ ನಾಲ್ಕು ವರ್ಷ ಚಾಚಾಗೆ ಏನೂ ಕಾಣುತ್ತಿರಲಿಲ್ಲ, ಅಂಗಡಿ ಒಂದು ದಿನವೂ ಮುಚ್ಚಿರಲಿಲ್ಲ. ನಾನು ತೆಲಿಗಿಯಲ್ಲಿ ಪಾಠ ಮಾಡುತ್ತಿದ್ದ ಹೊತ್ತಿಗೆ ನನ್ನ ಮನೆಯಲ್ಲಿ ಅತ್ತೆ ಪಾಠ ಮಾಡುತ್ತಿದ್ದರು.

ಮೊದಲು ನನಗೆ ಹೊಟ್ಟೆ ಉರಿಯಿತು. ಆರು ವರ್ಷ ಒಂದೇ ಸೂರಿನಡಿ ಇದ್ದು ಒಂದು ಮಾತು ಹೇಳಲಿಲ್ಲವಲ್ಲ ಎಂದು. ಆಮೇಲೆ ನಗು ಬಂತು. ನನಗೆ ಹೇಳಿದ್ದರೆ ಸಂಜೆಯೊಳಗೆ ತೆಲಿಗಿಯ ಸ್ಟಾಫ್ ರೂಮಿಗೆ ಗೊತ್ತಾಗುತ್ತಿತ್ತು, ಮರುದಿನ ಕೊಟ್ಟೂರಿಗೆ. ಕಣ್ಣಿಲ್ಲದವರ ಹತ್ತಿರ ಯಾರು ರಿಪೇರಿಗೆ ಕೊಡುತ್ತಾರೆ? ಅತ್ತೆಗೆ ಆ ಭಯ ಗೊತ್ತಿತ್ತು, ನನ್ನ ಬಾಯಿಯೂ ಗೊತ್ತಿತ್ತು.

ಅಕ್ಕಾರು ಹೇಗಿದ್ದಾರೆ ಎಂದು ಚಾಚಿ ಕೇಳಿದರು. ಹೋಗಿ ನಾಲ್ಕು ವರ್ಷವಾಯಿತು ಎಂದೆ. ಅವರ ಕೈಯಲ್ಲಿದ್ದ ಸೊಪ್ಪಿನ ಕಡ್ಡಿ ಹಾಗೇ ನಿಂತಿತು. ಅದನ್ನು ಪಕ್ಕಕ್ಕಿಟ್ಟು ಹೇಳಿದರು.

“ಹಂಗಾರ ಅವಾಗಾ ಹೋಗ್ಯಾರ. ಫೋನ್ ಬರೋದು ನಿಂತಿತ್ತು. ಇವರು ಹಚ್ಚಿದ್ರ ಬಂದ್ ಅಂತ ಬರತಿತ್ತು. ನಾ ಏನೋ ತಪ್ಪು ಮಾತಾಡೀನಿ, ಅಕ್ಕಗ ಸಿಟ್ಟು ಬಂದೈತಿ ಅಂತಿದ್ರು.”

ಒಮ್ಮೆ ಹರಪನಹಳ್ಳಿಗೆ ಹೋಗಿ ನೋಡಿಬರೋಣ ಎಂದು ಚಾಚಿ ಎಷ್ಟೋ ಸಲ ಹೇಳಿದರಂತೆ. ಅಕ್ಕನ ಮನೆಯವರಿಗೆ ನಮ್ಮ ಮಾತುಕತೆ ಗೊತ್ತಿಲ್ಲ, ನಾವೇ ಹೋಗಿ ಬಯಲು ಮಾಡುವುದು ಬೇಡ, ಸಿಟ್ಟು ಇಳಿದ ಮೇಲೆ ಅವರೇ ಮಾಡುತ್ತಾರೆ ಎಂದು ಚಾಚಾ ತಡೆದರಂತೆ. ಸೋಮವಾರ ಮಧ್ಯಾಹ್ನ ಮಾತ್ರ ಫೋನ್ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದರಂತೆ...

“ಆ ಫೋನ್ ನಾನಾ ಬಂದ್ ಮಾಡಿದ್ದು ಚಾಚಿ,” ಅಂದೆ.

ಮೂರನೆಯ ದಿನದ ಕಾರ್ಯ ಮುಗಿಸಿ, ಇನ್ನು ಇದು ಯಾರಿಗೆ ಬೇಕು ಎಂದು ಗುಂಡಿ ಒತ್ತಿ ಆರಿಸಿ, ಅತ್ತೆಯ ಸೀರೆಗಳ ಕೆಳಗೆ ಇಟ್ಟವಳು ನಾನೇ. ಚಾಚಿ ನನ್ನನ್ನು ಬೈಯಲಿಲ್ಲ. ನಿಮಗೆ ಗೊತ್ತಿರಲಿಲ್ಲವಲ್ಲ ಎಂದು ನನ್ನ ಕೈ ಹಿಡಿದರು. ಅವರ ಮುಂದೆ ನಾನು ಮಕ್ಕಳ ಹಾಗೆ ಅತ್ತುಬಿಟ್ಟೆ.

ನಲ್ಲಿ ಈಗ ಸೋರುತ್ತಿಲ್ಲ. ನೂಲು ತಂದು, ಸಫೇದಾ ಹಚ್ಚಿ ನಾನೇ ಕೂಡಿಸಿದೆ. ದಿನಕ್ಕೆ ಹತ್ತು ಸಲ ಅದನ್ನು ತಿರುವುತ್ತೇನೆ, ಪ್ರತಿ ಸಲವೂ ಅದೇ ಒಂದು ವಿಷಯ ತಲೆಗೆ ಬರುತ್ತದೆ. ಅತ್ತೆ ಹೋದ ದಿನ ನಾನು ಉಚ್ಚಂಗಿದುರ್ಗದ ದೂರದ ನೆಂಟರಿಗೆ, ಹಡಗಲಿಗೆ, ಮೈಲಾರಕ್ಕೆ, ಹಾಲಿನವಳಿಗೆ, ಗ್ಯಾಸಿನವನಿಗೆ ಸಹ ಸುದ್ದಿ ಮುಟ್ಟಿಸಿದೆ. ಕೊಟ್ಟೂರಿನಲ್ಲಿ ಒಬ್ಬರು ಆ ಒಂದು ಫೋನಿಗಾಗಿ ಎರಡು ವರ್ಷ ಕಾದು, ಅಕ್ಕನಿಗೆ ತನ್ನ ಮೇಲೆ ಸಿಟ್ಟು ಎಂದುಕೊಂಡೇ ಹೋದರು.